ಗುಂಡಿ ಒತ್ತಿದರೂ ಏಳದ ಗಣಕ

ಬಿಡಿಭಾಗಗಳನ್ನು ತಂದು ಮನೆಯಲ್ಲೇ ಗಣಕವೊಂದನ್ನು ಜೋಡಿಸಿದ್ದೀರಿ. ಗುಂಡಿ ಒತ್ತಿದರೆ ಫ್ಯಾನ್ ಕೂಡ ಅಲುಗದು. ಪವರ್ ಸಪ್ಲೈ ಕೆಟ್ಟಿದೆಯೆಂದು ತೀರ್ಮಾನಿಸುವ ಮುನ್ನ ಆ ಗುಂಡಿಯ ಚರಿತ್ರೆಯನ್ನು ಸ್ವಲ್ಪ ಗಮನಿಸಿ.

1981ರ ಐಬಿಎಂ ಪಿಸಿಯ ಪಕ್ಕದಲ್ಲಿ ದಪ್ಪನೆಯ ಕೆಂಪು ಸ್ವಿಚ್ಚಿತ್ತು. ಮನೆಯ ದೀಪದ ಸ್ವಿಚ್ಚಿನಂತೆ ಅದು ಗೋಡೆಯಿಂದ ಬರುವ ವಿದ್ಯುತ್ತನ್ನೇ ಕಡಿದು ಕೂಡಿಸುತ್ತಿತ್ತು. ಇಂಟೆಲ್ 1995ರಲ್ಲಿ ಪ್ರಕಟಿಸಿದ ಎಟಿಎಕ್ಸ್ ಮಾನಕ ಈ ಏರ್ಪಾಡನ್ನು ಬದಲಿಸಿತು. ಪ್ಲಗ್ ಹಾಕಿ ಹಿಂಬದಿಯ ಸ್ವಿಚ್ ಒತ್ತಿದೊಡನೆ ಸಪ್ಲೈ ಮದರ್‌ಬೋರ್ಡಿಗೆ 5 ವೋಲ್ಟ್‌ಗಳ ಅಲ್ಪ ವಿದ್ಯುತ್ತನ್ನು ಸದಾ ಒದಗಿಸುತ್ತಿರುತ್ತದೆ. ಮುಂದಿನ ಗುಂಡಿ ಬೋರ್ಡಿಗೆ ಕೊಡುವುದು ಬರಿಯ ಸೂಚನೆ. ಬೋರ್ಡು ಹಸಿರು ತಂತಿಯ ವಿಭವವನ್ನು ಸೊನ್ನೆಗೆ ಇಳಿಸಿದಾಗಲೇ ಸಪ್ಲೈ ಪೂರ್ತಿ ಏಳುವುದು. ವೋಲ್ಟೇಜುಗಳು ಸ್ಥಿರವಾದ ಮೇಲೆ ಬೂದು ತಂತಿಯಲ್ಲಿ ‘ಎಲ್ಲ ಸರಿ’ ಎಂಬ ಸಂಕೇತ ಹೋಗುತ್ತದೆ; ಅಲ್ಲಿಯವರೆಗೆ ಪ್ರೊಸೆಸರ್ ಕೆಲಸ ಆರಂಭಿಸದು.

ಪೆಂಟಿಯಂ 4ರ ಹಸಿವು ತಣಿಸಲು 2000ದಲ್ಲಿ ನಾಲ್ಕು ಪಿನ್ನಿನ ಪ್ರತ್ಯೇಕ 12 ವೋಲ್ಟ್ ಸಂಪರ್ಕ ಸೇರಿತು. ಅದನ್ನು ಮರೆತರೆ ಫ್ಯಾನ್ ತಿರುಗಿದರೂ ಪರದೆ ಕಪ್ಪಾಗಿಯೇ ಇರಬಹುದು.

ನನ್ನ ಅನುಭವ ಹೇಳಲೇ? ಸಪ್ಲೈಯನ್ನೇ ಬದಲಿಸಿದೆ, ಹೊಸದೂ ಮೌನ! ಗುಂಡಿಯ ಎರಡು ಎಳೆ ತಂತಿಗಳನ್ನು ನಾನು ಪಕ್ಕದ ‘ರೀಸೆಟ್’ ಪಿನ್ನುಗಳಿಗೆ ಸಿಕ್ಕಿಸಿದ್ದೆ. ಕೈಪಿಡಿ ನೋಡಿ ಸರಿಯಾದ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಕ್ಷಣಕಾಲ ಮುಟ್ಟಿಸಿದೆ, ಯಂತ್ರ ಗುರ್ರೆಂದಿತು. ಭೌತವಿಜ್ಞಾನದ ಮೇಷ್ಟರಿಗೆ ಅಷ್ಟು ಸಾಕಾಯಿತು!

ಅಲ್ಲಿರುವುದು ಕಡಿಮೆ ವೋಲ್ಟೇಜ್, ಹೆದರಬೇಕಿಲ್ಲ. ಸಪ್ಲೈ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ. 230 ವೋಲ್ಟ್ ಪರ್ಯಾಯ ವಿದ್ಯುತ್ತಿನ ಗರಿಷ್ಠ ಬೆಲೆ ಸುಮಾರು 325 ವೋಲ್ಟ್. ಒಳಗಿನ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಅದನ್ನು ಹಿಡಿದಿಟ್ಟಿರಬಹುದು.