ಉಳ್ಳಾಗಡ್ಡಿ ತಪ್ಪಲ: ಮಂಡೈಯಿಂದ ಫ್ರಿಜ್ಜಿನವರೆಗೆ

ನಮ್ಮ ಕಡೆ ಉಳ್ಳಾಗಡ್ಡಿ ತಪ್ಪಲ, ಬೆಂಗಳೂರಿನವರಿಗೆ ಈರುಳ್ಳಿ ಸೊಪ್ಪು, ಪುಣೆಯಲ್ಲಿ ಕಾಂದ್ಯಾಚಿ ಪಾತ. ಹೆಸರು ಮೂರಾದರೂ ಗುಣ ಒಂದೇ: ಹೊರಗಿಟ್ಟರೆ ಬಾಡುತ್ತದೆ, ಒದ್ದೆಯಾಗಿಟ್ಟರೆ ಕೊಳೆಯುತ್ತದೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಗಡ್ಡೆ ಫಿಕ್ಸೆಡ್ ಡಿಪಾಸಿಟ್, ತಪ್ಪಲ ಕರೆಂಟ್ ಅಕೌಂಟ್. ಬೇಸಿಗೆಯಲ್ಲಿ ಕಿತ್ತ ಗಡ್ಡೆಯನ್ನು ಪುಣೆ, ನಾಶಿಕದ ರೈತರು ಗಾಳಿಯಾಡುವ ‘ಕಾಂದಾ ಚಾಳ’ದಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ. ತಪ್ಪಲಕ್ಕೆ ಆ ಭಾಗ್ಯವಿಲ್ಲ.

ಹಾಗಾಗಿ ತಪ್ಪಲದ ಇತಿಹಾಸ ಅಂದರೆ ಬಜಾರಿನ ಇತಿಹಾಸವೇ. ಪುಣೆಯ ಕಾಯಿಪಲ್ಲೆ ಬಜಾರು ಮೊದಲು ಶನಿವಾರವಾಡೆಯ ಮುಂದಿನ ಬಯಲಲ್ಲಿ ಕೂಡುತ್ತಿತ್ತು. 1886ರಲ್ಲಿ ಶುಕ್ರವಾರ ಪೇಠೆಯ ಮಂಡೈ ಕಟ್ಟಡ ಸಿದ್ಧವಾಯಿತು. ಆಗಿನ ಗವರ್ನರನ ಹೆಸರಲ್ಲಿ ‘ರೇ ಮಾರ್ಕೆಟ್’ ಅಂದರು. 1876ರಿಂದ 1882ರವರೆಗೆ ನಗರಸಭೆ ಸದಸ್ಯರಾಗಿದ್ದ ಜೋತಿರಾವ್ ಫುಲೆ, ಈ ಹಣ ಶಿಕ್ಷಣಕ್ಕೆ ಹೋಗಲಿ ಎಂದು ಮಾರ್ಕೆಟ್ ಯೋಜನೆಯನ್ನು ವಿರೋಧಿಸಿದ್ದರು. ತಮಾಷೆ ನೋಡಿ, ಇವತ್ತು ಅದೇ ಕಟ್ಟಡ ಮಹಾತ್ಮಾ ಫುಲೆ ಮಂಡೈ!

ಆಗ ಬೆಳಿಗ್ಗೆ ತಂದದ್ದು ಸಂಜೆಯೊಳಗೆ ಒಲೆ ಏರಬೇಕಿತ್ತು. ಉಳಿದರೆ ಬೇರು ನೀರಲ್ಲಿ ಅದ್ದಿಡುವುದು, ಇಲ್ಲವೇ ಹಸಿಬಟ್ಟೆ ಸುತ್ತುವುದು. 1958ರಲ್ಲಿ ಗೋದ್ರೆಜ್ ನಮ್ಮ ದೇಶದ್ದೇ ಆದ ಫ್ರಿಜ್ ತಯಾರಿಸಿತು. ಅದು ಮಧ್ಯಮ ವರ್ಗದ ಅಡಿಗೆಮನೆಗೆ ಬರಲು ಇನ್ನೂ ಎರಡು ಮೂರು ದಶಕ ಬೇಕಾಯಿತು. ಅಷ್ಟರಲ್ಲಿ ಪ್ಲಾಸ್ಟಿಕ್ ಚೀಲವೂ ಜೊತೆಯಾಯಿತು. ಬಿಗಿದ ಚೀಲದಲ್ಲಿ ತಪ್ಪಲದ ಆವಿ ಹೊರಹೋಗದೆ ನೀರಾಗಿ ಕೂತು ಎಲೆ ಲೋಳೆಯಾಗುತ್ತದೆ. 2018ರಲ್ಲಿ ಮಹಾರಾಷ್ಟ್ರ ಸರಕಾರ ಪ್ಲಾಸ್ಟಿಕ್ ಚೀಲ ನಿಷೇಧಿಸಿದಾಗ ಮತ್ತೆ ಅಜ್ಜಿಯ ಕಾಲದ ಬಟ್ಟೆ ಚೀಲಕ್ಕೇ ಬಂದೆವು.

ಫ್ರಿಜ್ಜಿನಲ್ಲಿಟ್ಟ ಮಾತ್ರಕ್ಕೆ ನಿಶ್ಚಿಂತೆ ಅಂತ ಅಂದುಕೊಳ್ಳಬೇಡಿ. 2003ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಹೋಟೆಲಿನಲ್ಲಿ ಉಂಡ 550ಕ್ಕೂ ಹೆಚ್ಚು ಜನಕ್ಕೆ ಹೆಪಟೈಟಿಸ್ ‘ಎ’ ಕಾಮಾಲೆ ತಗುಲಿತು, ಮೂವರು ಸತ್ತರು. ಕಾರಣ ಮೆಕ್ಸಿಕೋದಿಂದ ಬಂದ ಹಸಿ ಈರುಳ್ಳಿ ಸೊಪ್ಪು. ಹೋಟೆಲ್ ಮುಟ್ಟುವ ಮೊದಲೇ ಅದಕ್ಕೆ ಸೋಂಕು ತಗುಲಿತ್ತು. ತಂಪಿನಲ್ಲಿ ಎಲೆ ತಾಜಾ ಕಾಣುತ್ತದೆ, ಆದರೆ ವೈರಸ್ ಸಾಯುವುದಿಲ್ಲ.

ಇದರಿಂದ ಕಲಿಯುವುದಿಷ್ಟು: ಸೂಡು ಬಿಚ್ಚಿ ಕೊಳೆತ ಎಲೆ ತೆಗೆಯಿರಿ. ತೊಳೆಯದೆ, ಒಣಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ಫ್ರಿಜ್ಜಿನ ಕೆಳಗಿನ ತರಕಾರಿ ಡಬ್ಬಿಯಲ್ಲಿಡಿ. ನಾಲ್ಕೈದು ದಿನಕ್ಕೆ ಮೋಸವಿಲ್ಲ. ಹಸಿ ಮಾಂಸ, ಮೀನು ಹತ್ತಿರ ಬೇಡ. ಹೆಚ್ಚುವ ಮುನ್ನ ಪದರು ಬಿಡಿಸಿ, ಹರಿಯುವ ನೀರಲ್ಲಿ ತೊಳೆಯಿರಿ. ಮನೆಯಲ್ಲಿ ಬಸುರಿ, ವಯಸ್ಸಾದವರಿದ್ದರೆ ಹಸಿಯಾಗಿ ಕೊಡದೆ ಚೆನ್ನಾಗಿ ಬೇಯಿಸಿ. ಅದಕ್ಕಂತೂ ತಪ್ಪಲದ ಝುಣಕ ಇದ್ದೇ ಇದೆಯಲ್ಲ. ಅದು ಧಾರವಾಡದ್ದೋ ಪುಣೆಯದ್ದೋ ಅನ್ನೋ ಜಗಳ ಇನ್ನೊಮ್ಮೆ ಆಡೋಣ. ಬಿಸಿ ಭಕ್ಕರಿ ಮಾತ್ರ ಮರೆಯಬೇಡಿ.