ಕ್ಷೌರದ ಕತ್ತಿ, ಉಂಗುರದ ಬೆರಳು, ಹನ್ನೊಂದು ದಿನ

ಸಲೂನಿನಲ್ಲಿ ಕೆನ್ನೆಗೆ ಗಾಯವಾದರೆ ನಮ್ಮ ಕಡೆ ಎರಡು ಕೆಲಸ ನಡೆಯುತ್ತವೆ. ಮೊದಲು ಸ್ಫಟಿಕದ ಕಲ್ಲನ್ನು ನೀರಿನಲ್ಲಿ ಅದ್ದಿ ಗಾಯದ ಮೇಲೆ ಉಜ್ಜುತ್ತಾರೆ. ಆಮೇಲೆ ಕುರ್ಚಿಯಲ್ಲಿ ಕೂತವರು ಕೇಳುತ್ತಾರೆ: ‘ಬ್ಲೇಡು ತುಕ್ಕು ಹಿಡಿದಿರಲಿಲ್ಲ ತಾನೆ?’ ಹೊಸದು ಎಂದರೆ ಮಾತು ಅಲ್ಲಿಗೆ ಮುಗಿಯಿತು. ಸ್ಫಟಿಕ ರಕ್ತ ನಿಲ್ಲಿಸುತ್ತದೆ, ಅದು ಸರಿ. ಆದರೆ ತುಕ್ಕಿನ ಪ್ರಶ್ನೆ ನಾವು ಅಂದುಕೊಂಡಷ್ಟು ಸರಿಯಾದದ್ದಲ್ಲ. ಅದಕ್ಕೆ 1842ರಲ್ಲಿ ಅಮೆರಿಕದ ಕಾಂಕರ್ಡ್ ಎಂಬ ಸಣ್ಣ ಊರಿನಲ್ಲಿ ನಡೆದ ಒಂದು ಸಾವನ್ನು ನೋಡಬೇಕು.

ಹೆನ್ರಿ ಡೇವಿಡ್ ಥೋರೊ ಹೆಸರನ್ನು ನಾವು ಗಾಂಧೀಜಿ ಮೂಲಕ ಕೇಳಿದ್ದೇವೆ. ಕಾನೂನುಭಂಗದ ಬಗ್ಗೆ ಆತ ಬರೆದ ಪ್ರಬಂಧವನ್ನು ಗಾಂಧೀಜಿ ದಕ್ಷಿಣ ಆಫ್ರಿಕದಲ್ಲಿದ್ದಾಗ ಓದಿ ಮೆಚ್ಚಿದ್ದರು. ಆ ಹೆನ್ರಿಗೆ ಒಬ್ಬ ಅಣ್ಣನಿದ್ದ. ಹೆಸರು ಜಾನ್. ಎರಡು ವರ್ಷಕ್ಕೆ ದೊಡ್ಡವನು. ಅಣ್ಣ ತಮ್ಮ ಸೇರಿ ಊರಿನಲ್ಲಿ ಶಾಲೆ ನಡೆಸಿದರು. 1839ರಲ್ಲಿ ತಾವೇ ಮಾಡಿದ ದೋಣಿಯಲ್ಲಿ ಎರಡು ನದಿಗಳ ಮೇಲೆ ಪ್ರವಾಸ ಹೋಗಿ ಬಂದರು. ಇಬ್ಬರೂ ಒಂದೇ ಹುಡುಗಿಯನ್ನು ಮದುವೆಯಾಗಬೇಕೆಂದು ಕೇಳಿ, ಇಬ್ಬರೂ ಬೇಡವೆನಿಸಿಕೊಂಡರು. ಹಾಗಿದ್ದೂ ಅಣ್ಣತಮ್ಮಂದಿರ ನಡುವೆ ಬಿರುಕು ಬೀಳಲಿಲ್ಲ. ಜಾನ್‌ನ ಆರೋಗ್ಯ ಕೆಟ್ಟಿದ್ದರಿಂದ 1841ರಲ್ಲಿ ಶಾಲೆ ಮುಚ್ಚಿತು.

1842ರ ಜನವರಿ 1. ಹೊಸ ವರ್ಷದ ದಿನ. ಜಾನ್ ಕ್ಷೌರದ ಕತ್ತಿಯನ್ನು ತೊಗಲ ಪಟ್ಟಿಯ ಮೇಲೆ ಮಸೆಯುತ್ತಿದ್ದ. ಕತ್ತಿ ಜಾರಿ ಎಡಗೈಯ ಉಂಗುರದ ಬೆರಳ ತುದಿಯ ಚರ್ಮ ಸ್ವಲ್ಪ ಹಾರಿತು. ರಕ್ತ ಬರುವಷ್ಟು ಗಾಯ, ಅಷ್ಟೇ. ಎದ್ದ ಚರ್ಮವನ್ನು ಮತ್ತೆ ಅದೇ ಜಾಗಕ್ಕೆ ಒತ್ತಿ, ಬಟ್ಟೆ ಸುತ್ತಿ ಕಟ್ಟಿಕೊಂಡು ಸುಮ್ಮನಾದ. ನಾವಾದರೂ ಅದನ್ನೇ ಮಾಡುತ್ತಿದ್ದೆವು.

ಇಲ್ಲಿ ಕತ್ತಿಯ ಬಗ್ಗೆ ಸ್ವಲ್ಪ ಹೇಳಬೇಕು. ಮಡಚುವ ಹಿಡಿಯ ಹಳೆಯ ಕ್ಷೌರದ ಕತ್ತಿಯನ್ನು ಇಂದಿನ ಹುಡುಗರು ಸಿನಿಮಾದಲ್ಲಷ್ಟೇ ನೋಡಿರುತ್ತಾರೆ. ಸಾಣೆ ಕಲ್ಲಿನ ಕೆಲಸ ಅಪರೂಪಕ್ಕೊಮ್ಮೆ. ತೊಗಲಿನ ಮೇಲೆ ಎಳೆಯುವುದು ಮಾತ್ರ ಪ್ರತಿ ಕ್ಷೌರಕ್ಕೂ ಬೇಕು. ಬೆನ್ನು ಮುಂದೆ, ಬಾಯಿ ಹಿಂದೆ ಇಟ್ಟು ಎಳೆಯಬೇಕು. ತುದಿಗೆ ಬಂದಾಗ ಬೆನ್ನಿನ ಮೇಲೆಯೇ ಹೊರಳಿಸಿ ವಾಪಸ್ ಎಳೆಯಬೇಕು. ಬಾಯಿಯ ಕಡೆಯಿಂದ ಹೊರಳಿಸಿದರೆ ತೊಗಲು ಸೀಳುತ್ತದೆ, ಇಲ್ಲವೇ ಪಟ್ಟಿ ಹಿಡಿದ ಕೈ. ನಮ್ಮ ಸಂತೆಗಳಲ್ಲಿ ಮರದ ಕೆಳಗೆ ಕೂತು ಕ್ಷೌರ ಮಾಡುತ್ತಿದ್ದ ಹಿರಿಯರು ಪಟ್ಟಿಯ ಗೋಜಿಗೂ ಹೋಗದೆ ಅಂಗೈ ಮೇಲೆಯೇ ಎರಡೆಳೆ ಎಳೆದುಬಿಡುತ್ತಿದ್ದರು. ಚಿಕ್ಕವರಾಗಿದ್ದಾಗ ನಾವು ಅದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು. ಕ್ಷೌರದ ಗಾಯ ಎಂದರೆ ಮಾಡಿಸಿಕೊಳ್ಳುವವರ ಕೆನ್ನೆಯೇ ಎಲ್ಲರಿಗೂ ನೆನಪಾಗುವುದು. ಮಾಡುವವರ ಬೆರಳು ಯಾರ ಲೆಕ್ಕಕ್ಕೂ ಬಂದಿಲ್ಲ. ಮುಖಕ್ಕೆ ರಕ್ತದ ಹರಿವು ಚೆನ್ನಾಗಿರುವುದರಿಂದ ಅಲ್ಲಿಯ ಗಾಯ ಹೆಚ್ಚು ಸುರಿಸಿದರೂ ಬೇಗ ಮಾಯುತ್ತದೆ. ಬೆರಳ ತುದಿಯ ಕಥೆ ಬೇರೆ. ಅದು ದಿನವಿಡೀ ಮಣ್ಣು, ಸೌದೆ, ಕುದುರೆಯ ಸರಂಜಾಮು ಮುಟ್ಟುವ ಅಂಗ.

ಒಂದು ವಾರ ಕಳೆದು ಜಾನ್ ಬಟ್ಟೆ ಬಿಚ್ಚಿದಾಗ ಒತ್ತಿಟ್ಟ ಚರ್ಮ ಕೊಳೆತಿತ್ತು. ಊರಿನ ವೈದ್ಯ ಡಾ. ಜೋಸಿಯಾ ಬಾರ್ಟ್ಲೆಟ್ ಬಳಿ ಹೋಗಿ ಪಟ್ಟಿ ಹಾಕಿಸಿಕೊಂಡ. ಮನೆಗೆ ನಡೆದು ಬರುವಷ್ಟರಲ್ಲೇ ಮೈ ಸೋತಿತ್ತು. ಮರುದಿನ ಬೆಳಿಗ್ಗೆ ದವಡೆ ಬಿಗಿಯಿತು. ಬಾಸ್ಟನ್‌ನಿಂದ ಕರೆಸಿದ ವೈದ್ಯರು ಕೈ ಚೆಲ್ಲಿದರು. ಆಗ ಎಮರ್ಸನ್ ಮನೆಯಲ್ಲಿದ್ದ ಹೆನ್ರಿ ಓಡಿ ಬಂದು ಅಣ್ಣನ ಆರೈಕೆಗೆ ನಿಂತ. ಜನವರಿ 11ರಂದು ಜಾನ್ ತಮ್ಮನ ತೋಳಿನಲ್ಲೇ ಪ್ರಾಣ ಬಿಟ್ಟ. ಮೂವತ್ತೂ ತುಂಬಿರಲಿಲ್ಲ.

ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಜನವರಿ 22ರಂದು ಹೆನ್ರಿಗೂ ದವಡೆ ಬಿಗಿಯತೊಡಗಿತು. ಮೈಮೇಲೆ ಎಲ್ಲೂ ಗಾಯವಿರಲಿಲ್ಲ. ಮನೆಯವರು ಇವನೂ ಹೋದ ಎಂದೇ ತಿಳಿದರು. ಕೆಲವು ದಿನಗಳಲ್ಲಿ ಅದು ತಾನಾಗಿಯೇ ಇಳಿಯಿತು. ಅಣ್ಣನ ಸಂಕಟವನ್ನು ಕಣ್ಣಾರೆ ಕಂಡ ದೇಹ ಅದನ್ನೇ ನಟಿಸಿತ್ತು. ವಾರಗಟ್ಟಲೆ ಆತ ದಿನಚರಿಯಲ್ಲಿ ಒಂದಕ್ಷರ ಬರೆಯಲಿಲ್ಲ. ಮುಂದೆ ವಾಲ್ಡನ್ ಕೊಳದ ದಂಡೆಯಲ್ಲಿ ಗುಡಿಸಲು ಕಟ್ಟಿಕೊಂಡು ಕೂತಾಗ ಬರೆಯುತ್ತಿದ್ದದ್ದು ಅಣ್ಣನ ಜೊತೆ ಹೋಗಿದ್ದ ದೋಣಿ ಪ್ರವಾಸದ ಪುಸ್ತಕವನ್ನು. ಅದು 1849ರಲ್ಲಿ ಅಚ್ಚಾಯಿತು.

ಜಾನ್‌ಗೆ ಬಂದದ್ದು ಧನುರ್ವಾಯು. ಬೆನ್ನು ಬಿಲ್ಲಿನಂತೆ ಬಾಗುವುದರಿಂದ ನಮ್ಮಲ್ಲಿ ಆ ಹೆಸರು. ಅದರ ರೋಗಾಣು ಮಣ್ಣಿನಲ್ಲಿ, ಕುದುರೆ ಲದ್ದಿಯಲ್ಲಿ, ಸಗಣಿಯಲ್ಲಿ ಬೀಜದಂತೆ ಗಟ್ಟಿ ಕವಚ ಹೊದ್ದು ವರ್ಷಗಟ್ಟಲೆ ಕಾಯುತ್ತದೆ. ಗಾಳಿ ಇರುವಲ್ಲಿ ಅದು ಮೊಳೆಯುವುದಿಲ್ಲ. ಗಾಳಿಯಾಡದ, ಸತ್ತ ಚರ್ಮದ ಸಂದಿ ಸಿಕ್ಕರೆ ಎಚ್ಚರಗೊಂಡು ವಿಷ ಬಿಡುತ್ತದೆ. ಆ ವಿಷ ನರಗಳನ್ನು ಹತ್ತಿ ಬೆನ್ನುಹುರಿಗೆ ಹೋಗಿ, ಸ್ನಾಯುಗಳಿಗೆ ‘ಸಡಿಲವಾಗು’ ಎಂದು ಹೇಳುವ ಸಂದೇಶವನ್ನೇ ತಡೆಯುತ್ತದೆ. ಗಾಯವಾದ 3ರಿಂದ 21 ದಿನಗಳೊಳಗೆ ಲಕ್ಷಣ ಕಾಣುವುದು ಸಾಮಾನ್ಯ. ಜಾನ್‌ಗೆ ಎಂಟನೇ ದಿನಕ್ಕೆ ಕಂಡಿತು. ಚರ್ಮವನ್ನು ಒತ್ತಿ ಬಟ್ಟೆ ಬಿಗಿದ ಆ ಸಹಜ ಉಪಚಾರವೇ ರೋಗಾಣುವಿಗೆ ಗಾಳಿಯಿಲ್ಲದ ಕೋಣೆ ಕಟ್ಟಿಕೊಟ್ಟಿತು. ಈಗಷ್ಟೇ ಮಸೆಯುತ್ತಿದ್ದ, ಥಳಥಳಿಸುವ ಕತ್ತಿಯಲ್ಲಿ ತುಕ್ಕು ಎಲ್ಲಿಂದ ಬರಬೇಕು? ತುಕ್ಕು ಹಿಡಿದ ಮೊಳೆ ಅಪಾಯಕಾರಿಯಾಗುವುದು ಅದು ಮಣ್ಣಿನಲ್ಲಿ ಬಿದ್ದಿದ್ದು ಆಳವಾಗಿ ಚುಚ್ಚುವುದರಿಂದ. ತುಕ್ಕಿನಿಂದಲೇ ಅಲ್ಲ.

ಇದ್ಯಾವುದೂ ಆಗಿನವರಿಗೆ ತಿಳಿದಿರಲಿಲ್ಲ. ಅವರು ಕತ್ತಿಗೆ ಹೆದರಿದರು. ಹಾಗಾಗಿ ಕತ್ತಿಯನ್ನೇ ತಿದ್ದುವ ಪ್ರಯತ್ನ ಮೊದಲು ನಡೆಯಿತು. 18ನೇ ಶತಮಾನದಲ್ಲೇ ಫ್ರಾನ್ಸಿನ ಪೆರ್ರೆ ಎಂಬ ಚಾಕು ಕಸುಬಿನವನು ಬಡಗಿಯ ಉಜ್ಜುಗೊರಡು ನೋಡಿ ಕತ್ತಿಗೆ ಮರದ ತಡೆ ಕೂರಿಸಿದ್ದ. ಕೊನೆಗೆ ಜಿಲೆಟ್ ಎಂಬಾತ ಬಿಸಾಡುವ ತೆಳು ಬ್ಲೇಡಿನ ರೇಜರ್ ತಂದ. 1903ರಲ್ಲಿ ಮಾರಾಟವಾದದ್ದು 51 ರೇಜರ್, 168 ಬ್ಲೇಡು. ಮೊದಲ ಮಹಾಯುದ್ಧದ ಕೊನೆಗೆ ಅಮೆರಿಕದ ಸರ್ಕಾರವೇ ಸೈನಿಕರಿಗಾಗಿ ಸುಮಾರು 35 ಲಕ್ಷ ರೇಜರ್ ಕೊಂಡಿತು. ಬ್ಲೇಡು ಬಿಸಾಡುವುದಾದ ಮೇಲೆ ಮಸೆಯುವ ಕೆಲಸವೂ ಹೋಯಿತು.

ಆದರೆ ಅದೇ ಯುದ್ಧದಲ್ಲಿ ಸೈನಿಕರು ಕ್ಷೌರದಿಂದಲೇ ಸತ್ತರು. ಕಾರಣ ಬ್ಲೇಡಲ್ಲ, ಬ್ರಷ್ಷು. ಯುದ್ಧದಿಂದ ವ್ಯಾಪಾರ ಅಸ್ತವ್ಯಸ್ತವಾಗಿ, ಸರಿಯಾಗಿ ಶುದ್ಧ ಮಾಡದ ಕುದುರೆ ಕೂದಲಿನ ಅಗ್ಗದ ಬ್ರಷ್ಷು ಬಂದವು. ಕೆಲವದರಲ್ಲಿ ಅಂಥ್ರಾಕ್ಸ್ ರೋಗಾಣು ಇತ್ತು. ರೇಜರಿನ ಕಣ್ಣಿಗೆ ಕಾಣದಂಥ ಗೀರುಗಳಲ್ಲಿ ಅದು ಒಳಹೊಕ್ಕಿತು.

ಧನುರ್ವಾಯುವಿಗೆ ಮದ್ದು ಬಂದದ್ದು ಬೇರೆ ದಾರಿಯಿಂದ. 1889ರಲ್ಲಿ ಜಪಾನಿನ ಕಿಟಸಾಟೊ ಅದರ ರೋಗಾಣುವನ್ನು ಬೇರ್ಪಡಿಸಿದ. ಮರುವರ್ಷ ಬೆಹ್ರಿಂಗ್ ಜೊತೆ ಸೇರಿ ಪ್ರತಿವಿಷ ತೋರಿಸಿದ. 1920ರ ದಶಕದಲ್ಲಿ ಫ್ರಾನ್ಸಿನಲ್ಲಿ ಲಸಿಕೆ ಸಿದ್ಧವಾಯಿತು. ಎರಡನೇ ಮಹಾಯುದ್ಧದ ಹೊತ್ತಿಗೆ ಸೈನಿಕರಿಗೆ ಮೊದಲೇ ಅದನ್ನು ಚುಚ್ಚಿದ್ದ ಅಮೆರಿಕದ ಸೇನೆಯಲ್ಲಿ ಧನುರ್ವಾಯು ಪ್ರಕರಣ ಕಂಡದ್ದು 12 ಮಾತ್ರ. ಕೆಸರು, ಗುಂಡು, ಮುಳ್ಳುತಂತಿಗಳ ನಡುವೆ 12.

ನಮ್ಮಲ್ಲೂ ಅದೇ ಚುಚ್ಚುಮದ್ದು. ನಾವು ಟಿಟಿ ಎನ್ನುತ್ತೇವೆ, ಆಸ್ಪತ್ರೆಯಲ್ಲಿ ಈಗ ಟಿಡಿ. ಎಳೆಯ ಮಕ್ಕಳಿಗೆ, ಆಮೇಲೆ 10 ಮತ್ತು 16ನೇ ವಯಸ್ಸಿಗೆ, ಬಸುರಿಯರಿಗೆ ಹಾಕುತ್ತಾರೆ. 2015ರಲ್ಲಿ ಬಾಣಂತಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತ ನಿವಾರಿಸಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು. ಪಟ್ಟಿಯಿಂದ ಜಾರುವವರು ವಯಸ್ಸಾದ ಗಂಡಸರು. ಗದ್ದೆಯವರು, ಗಾರೆಯವರು, ಕತ್ತಿ ಹಿಡಿಯುವವರು. ಗಾಯವಾದಾಗಲೂ ‘ಬ್ಲೇಡು ಹೊಸದಿತ್ತು’ ಎಂದು ಮನೆಗೆ ಹೋಗುವವರೂ ಅವರೇ.

ಇದನ್ನು ಬರೆಯುವ ಮುಂಚೆ ನಾವು ಗಡ್ಡ ತೆಗೆಸಿಕೊಳ್ಳುವ ಅಂಗಡಿಯ ಹಿರಿಯರನ್ನು ಎಡಗೈ ತೋರಿಸಿ ಎಂದು ಕೇಳಿದೆವು. ಹೆಬ್ಬೆರಳಿನಲ್ಲಿ, ತೋರುಬೆರಳಿನಲ್ಲಿ ಬಿಳಿ ಗೆರೆಗಳು. ಹಳೆ ಕತ್ತಿಯ ಕಾಲದವು ಎಂದರು. ಕಡೆಯ ಇಂಜೆಕ್ಷನ್ ಯಾವಾಗ ಹಾಕಿಸಿದ್ದು ಯಜಮಾನ್ರೇ ಎಂದೆವು. ಬ್ರಷ್ಷಿಗೆ ಸೋಪು ಹಚ್ಚುತ್ತಲೇ ಸ್ವಲ್ಪ ಯೋಚಿಸಿ, ‘ನಾಯಿ ಕಚ್ಚಿದಾಗ ಇರಬೇಕು ಸಾರ್, ನಮ್ಮ ದೊಡ್ಡ ಮಗಳು ಆಗ ತೊಟ್ಟಿಲಲ್ಲಿದ್ದಳು’ ಎಂದರು. ಆ ಮಗಳ ಮಗ ಪಕ್ಕದ ಕುರ್ಚಿಯಲ್ಲಿ ಗಿರಾಕಿಯೊಬ್ಬರ ಗಡ್ಡಕ್ಕೆ ನೀರು ಹೊಡೆಯುತ್ತಿದ್ದ.