ಮಾರುಕಟ್ಟೆಯ ಸ್ವಾತಂತ್ರ್ಯ, ಪ್ರಜೆಗಳ ಸ್ವಾತಂತ್ರ್ಯ: ಫ್ರೈಬುರ್ಗಿನ ಸಾಕ್ಷ್ಯ

ಧರ್ಮಸಭೆಯ ಸಾಮಾಜಿಕ ಬೋಧನೆಯನ್ನು ಅಭ್ಯಸಿಸುವಾಗ ಎರಡು ಸಿದ್ಧ ಉತ್ತರಗಳು ನಮ್ಮೆದುರು ಬಂದು ನಿಲ್ಲುತ್ತವೆ. ಮಾರುಕಟ್ಟೆ ಸ್ವತಂತ್ರವಾದರೆ ಪ್ರಜಾಪ್ರಭುತ್ವ ತಾನಾಗಿಯೇ ಚಿಗುರುತ್ತದೆ ಎಂಬುದು ಒಂದು. ಮಾರುಕಟ್ಟೆ ಆಳುವಲ್ಲಿ ಬಡವನ ಮತಕ್ಕೆ ಬೆಲೆಯೇ ಇಲ್ಲ ಎಂಬುದು ಮತ್ತೊಂದು. ಇವೆರಡನ್ನೂ ಇತಿಹಾಸದ ಒರೆಗಲ್ಲಿಗೆ ಹಚ್ಚಿ ನೋಡುವುದು ಈ ಲೇಖನದ ಉದ್ದೇಶ. ಅದಕ್ಕಾಗಿ ಜರ್ಮನಿಯ 1897ರಿಂದ 1957ರವರೆಗಿನ ಅರುವತ್ತು ವರ್ಷಗಳನ್ನು, ಅದರಲ್ಲೂ ಫ್ರೈಬುರ್ಗ್ ನಗರದ ಕೆಲವು ಕ್ರೈಸ್ತ ಪ್ರಾಧ್ಯಾಪಕರ ಕಥೆಯನ್ನು ಆರಿಸಿಕೊಂಡಿದ್ದೇವೆ.

1897ರಲ್ಲಿ ಜರ್ಮನಿಯ ಸರ್ವೋಚ್ಚ ನ್ಯಾಯಾಲಯವು ಮರದ ತಿರುಳಿನ ತಯಾರಕರ ವ್ಯಾಜ್ಯವೊಂದರಲ್ಲಿ ಮಹತ್ವದ ತೀರ್ಪನ್ನಿತ್ತಿತು. ಉತ್ಪಾದಕರು ಕೂಡಿ ಬೆಲೆ ನಿಗದಿಪಡಿಸಿಕೊಳ್ಳುವ ಒಪ್ಪಂದ ಸಿಂಧುವೆಂದೂ ಅದನ್ನು ಮುರಿದವನು ದಂಡ ತೆರಬೇಕೆಂದೂ ಅದು ಸಾರಿತು. ಹೀಗೆ ಒಪ್ಪಂದದ ಸ್ವಾತಂತ್ರ್ಯವೇ ಸ್ಪರ್ಧೆಯ ಸ್ವಾತಂತ್ರ್ಯವನ್ನು ನುಂಗಿತು. ಕಲ್ಲಿದ್ದಲು, ಉಕ್ಕು, ಪೊಟ್ಯಾಶ್ ಎಲ್ಲವೂ ಕಾರ್ಟೆಲ್‌ಗಳೆಂಬ ಬೆಲೆಕೂಟಗಳ ಹಿಡಿತಕ್ಕೆ ಬಂದವು. 1923ರ ನಿಯಂತ್ರಣಾಜ್ಞೆ ದುರ್ಬಲವಾಗಿತ್ತು. 1933ರ ಜುಲೈಯಲ್ಲಿ ನಾಜಿ ಸರ್ಕಾರವು ಉದ್ಯಮಗಳನ್ನು ಕಡ್ಡಾಯವಾಗಿ ಕಾರ್ಟೆಲ್‌ಗಳಿಗೆ ಸೇರಿಸುವ ಅಧಿಕಾರವನ್ನು ಪಡೆಯಿತು. ಉದ್ಯಮಪತಿಗಳು ತಮ್ಮ ಲಾಭಕ್ಕಾಗಿ ಕಟ್ಟಿದ್ದ ಬೇಲಿ ಸರ್ವಾಧಿಕಾರಿಯ ಕೈಯಲ್ಲಿ ಕಡಿವಾಣವಾಯಿತು.

ಅದಕ್ಕೆ ಎರಡು ವರ್ಷ ಮೊದಲೇ, 1931ರ ಮೇ 15ರಂದು ಹೊರಟ ‘ಕ್ವಾದ್ರಜೆಸಿಮೊ ಆನ್ನೊ’ ವಿಶ್ವಪತ್ರದಲ್ಲಿ ಜಗದ್ಗುರು ಹನ್ನೊಂದನೆಯ ಪಿಯುಸರು ಈ ರೋಗವನ್ನು ಗುರುತಿಸಿದ್ದರು. ಕಡಿವಾಣವಿಲ್ಲದ ಸ್ಪರ್ಧೆ ತನ್ನನ್ನು ತಾನೇ ಕೊಂದುಕೊಂಡಿದೆ, ಅದರ ಸ್ಥಾನದಲ್ಲಿ ಕೆಲವರ ಆರ್ಥಿಕ ಸರ್ವಾಧಿಕಾರ ಕುಳಿತಿದೆ, ಅದು ರಾಜ್ಯವನ್ನೂ ವಶಪಡಿಸಿಕೊಳ್ಳಲು ಹವಣಿಸುತ್ತಿದೆ ಎಂಬುದು ಅವರ ಮಾತಿನ ಸಾರ. ಆ ಪತ್ರದ ಕರಡನ್ನು ಸಿದ್ಧಪಡಿಸಿದವರು ಜರ್ಮನಿಯ ಯೇಸುಸಭೆಯ ಗುರು ಒಸ್ವಾಲ್ಡ್ ಫಾನ್ ನೆಲ್-ಬ್ರೊಯ್ನಿಂಗ್.

ಫ್ರೈಬುರ್ಗ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರಜ್ಞ ವಾಲ್ಟರ್ ಒಯ್ಕೆನ್ ಮತ್ತು ನ್ಯಾಯಶಾಸ್ತ್ರಜ್ಞ ಫ್ರಾಂಟ್ಸ್ ಬ್ಯೋಮ್ ಇದೇ ಪ್ರಶ್ನೆಯನ್ನು ಬೇರೆ ದಾರಿಯಿಂದ ತಲುಪಿದ್ದರು. ಖಾಸಗಿಯಾಗಲಿ ಸರ್ಕಾರದ್ದಾಗಲಿ, ಲಗಾಮಿಲ್ಲದ ಅಧಿಕಾರವೇ ಸ್ವಾತಂತ್ರ್ಯದ ವೈರಿ. ಸ್ಪರ್ಧೆ ತಾನಾಗಿ ಬೆಳೆಯುವ ಕಾಡುಗಿಡವಲ್ಲ, ಕಾನೂನು ಅದನ್ನು ನೆಟ್ಟು ಕಾಯಬೇಕು ಎಂಬುದು ಅವರ ನಿಲುವು. 1938ರ ನವೆಂಬರಿನಲ್ಲಿ ಯೆಹೂದ್ಯರ ಸಭಾಮಂದಿರಗಳು ಹೊತ್ತಿ ಉರಿದಾಗ ಒಯ್ಕೆನ್, ಅವರ ಸಹೋದ್ಯೋಗಿಗಳಾದ ಕಾನ್‌ಸ್ಟಾಂಟಿನ್ ಫಾನ್ ಡೀಟ್ಸೆ, ಅಡಾಲ್ಫ್ ಲಾಂಪೆ ಹಾಗೂ ಇತಿಹಾಸಕಾರ ಗೆರ್ಹಾರ್ಡ್ ರಿಟ್ಟರ್ ಮೊದಲಾದವರು ಗುಟ್ಟಾಗಿ ಕೂಡತೊಡಗಿದರು. ದುಷ್ಟ ಪ್ರಭುತ್ವದೆದುರು ಕ್ರೈಸ್ತನ ಕರ್ತವ್ಯವೇನು ಎಂಬುದೇ ಅವರ ಮೊದಲ ಪ್ರಶ್ನೆ. 1942ರಲ್ಲಿ ದೈವಶಾಸ್ತ್ರಜ್ಞ ಡೀಟ್ರಿಖ್ ಬೋನ್‌ಹೊಫರ್ ಅವರ ಕೋರಿಕೆಯಂತೆ ಯುದ್ಧಾನಂತರದ ಸಮಾಜವ್ಯವಸ್ಥೆಯ ಕುರಿತು ನಿವೇದನಪತ್ರವೊಂದನ್ನು ಬರೆಯಲಾರಂಭಿಸಿದರು. 1943ರ ಆರಂಭದಲ್ಲಿ ಅದು ಪೂರ್ಣಗೊಂಡಿತು. ಅದರ ಆರ್ಥಿಕ ಭಾಗವನ್ನು ಬರೆದವರು ಡೀಟ್ಸೆ, ಒಯ್ಕೆನ್ ಮತ್ತು ಲಾಂಪೆ. 1944ರ ಜುಲೈ 20ರ ವಿಫಲ ದಂಗೆಯ ಬಳಿಕ ಡೀಟ್ಸೆ, ಲಾಂಪೆ, ರಿಟ್ಟರ್ ಸೆರೆಮನೆ ಸೇರಿದರು. ಬೋನ್‌ಹೊಫರ್ 1945ರ ಏಪ್ರಿಲ್ 9ರಂದು ಗಲ್ಲಿಗೇರಿದರು.

ಇವರಲ್ಲಿ ಹೆಚ್ಚಿನವರು ಪ್ರೊಟೆಸ್ಟಂಟರು. ಆದರೆ ಅದೇ ಕಾಲದಲ್ಲಿ ಯೋಸೆಫ್ ಹ್ಯೋಫ್ನರ್ ಎಂಬ ಕಥೋಲಿಕ ಗುರುವೊಬ್ಬರು ಒಯ್ಕೆನ್ನರ ಮಾರ್ಗದರ್ಶನದಲ್ಲಿ 15 ಮತ್ತು 16ನೆಯ ಶತಮಾನಗಳ ಏಕಸ್ವಾಮ್ಯಗಳ ಕುರಿತು ಪ್ರಬಂಧ ಬರೆದರು. ಮುಂದೆ ಕಲೋನಿನ ಮಹಾಧರ್ಮಾಧ್ಯಕ್ಷರೂ ಕಾರ್ಡಿನಲರೂ ಆದವರು ಅವರೇ. ಗುರುವಾದವನಿಗೆ ಅರ್ಥಶಾಸ್ತ್ರವೇಕೆ ಎಂದು ಕೇಳುವ ವಿದ್ಯಾರ್ಥಿಗಳಿಗೆ ನಾವು ಈ ಹೆಸರನ್ನು ನೆನಪಿಸುತ್ತೇವೆ.

ಈ ಸಾಕ್ಷ್ಯಕ್ಕೆ ಕಲೆಯೂ ಉಂಟು. ಅದನ್ನು ಮರೆಮಾಚುವುದು ತರವಲ್ಲ. ನಿವೇದನಪತ್ರದ ಅನುಬಂಧವೊಂದು ಯೆಹೂದ್ಯರ ಮೇಲಿನ ಹಿಂಸೆಯನ್ನು ಖಂಡಿಸಿ ಪರಿಹಾರ ಕೊಡಬೇಕೆನ್ನುತ್ತಲೇ ಅವರನ್ನು ಒಂದು ‘ಸಮಸ್ಯೆ’ಯಾಗಿ ಕಂಡಿತು. ಅಧಿಕಾರದ ಪಾಪವನ್ನು ಅಷ್ಟು ಸ್ಪಷ್ಟವಾಗಿ ಕಂಡ ಕಣ್ಣಿಗೆ ನೆರೆಯವನ ಮುಖ ಮಸುಕಾಗಿಯೇ ಕಂಡಿತು. ಯೆಹೂದ್ಯರ ಪರ ಮಾತನಾಡಿ ಬೋಧನಾಧಿಕಾರ ಕಳೆದುಕೊಂಡಿದ್ದ ಬ್ಯೋಮ್, 1952ರಲ್ಲಿ ಇಸ್ರೇಲಿನೊಡನೆ ಪರಿಹಾರದ ಮಾತುಕತೆ ನಡೆಸಿದ ಜರ್ಮನ್ ನಿಯೋಗದ ಮುಖ್ಯಸ್ಥರಾಗಿದ್ದರು ಎಂಬುದನ್ನೂ ಇಲ್ಲಿ ಸ್ಮರಿಸಬೇಕು.

1948ರ ಜೂನ್ 20ರಂದು ಪಶ್ಚಿಮ ಜರ್ಮನಿಯಲ್ಲಿ ಹೊಸ ನಾಣ್ಯ ಚಲಾವಣೆಗೆ ಬಂದಿತು. ತಲೆಗೆ 40 ಮಾರ್ಕ್ ಮೊದಲ ಕಂತು. ಜೊತೆಗೇ ಲುಡ್ವಿಗ್ ಎರ್ಹಾರ್ಡ್ ಅನೇಕ ವಸ್ತುಗಳ ಬೆಲೆ ನಿಯಂತ್ರಣವನ್ನು ತೆಗೆದುಹಾಕಿದರು. ಬರಿದಾಗಿದ್ದ ಅಂಗಡಿಗಳು ತುಂಬಿದವು. ಆದರೆ ಬೆಲೆಗಳು ಏರಿದವು. ಬ್ಯಾಂಕಿನಲ್ಲಿ ಉಳಿತಾಯವಿಟ್ಟ ಬಡವರ ಹಣ ಕರಗಿತು, ಜಮೀನು, ಕಾರ್ಖಾನೆ, ದಾಸ್ತಾನು ಉಳ್ಳವರ ಸ್ವತ್ತು ಹಾಗೆಯೇ ಉಳಿಯಿತು. ನವೆಂಬರ್ 12ರಂದು ತೊಂಬತ್ತು ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಒಂದು ದಿನದ ಮುಷ್ಕರ ಹೂಡಿದರು. ಈ ಸುಧಾರಣೆ ನಡೆದದ್ದು ವಿದೇಶೀ ಸೇನೆಗಳ ಆಡಳಿತದಡಿ, ಇಡೀ ಪಶ್ಚಿಮ ಜರ್ಮನಿಯ ಜನರು ತಮ್ಮ ಸಂಸತ್ತನ್ನು ಚುನಾಯಿಸುವ ಮೊದಲೇ ಎಂಬುದನ್ನು ಮರೆಯಲಾಗದು.

ಹಾಗಾದರೆ ಮಾರುಕಟ್ಟೆಯೇ ಪ್ರಜಾಪ್ರಭುತ್ವವನ್ನು ಹೆತ್ತಿತೆ? ಮುಂದಿನ ಘಟನೆಗಳು ಬೇರೆಯದನ್ನೇ ಹೇಳುತ್ತವೆ. 1949ರ ಮೇ 23ರ ಮೂಲಭೂತ ಕಾನೂನು ಆಸ್ತಿಯ ಹಕ್ಕಿನೊಡನೆ ಆಸ್ತಿಯ ಹೊಣೆಯನ್ನೂ ಬರೆಯಿತು. 1952ರ ಹೊರೆ ಹಂಚಿಕೆಯ ಕಾನೂನು ಯುದ್ಧದಲ್ಲಿ ಆಸ್ತಿ ಉಳಿಸಿಕೊಂಡವರಿಂದ ಪಡೆದು ಕಳೆದುಕೊಂಡವರಿಗೆ ಕೊಟ್ಟಿತು. ಕೈಗಾರಿಕಾ ಒಕ್ಕೂಟದ ಪ್ರಬಲ ವಿರೋಧವನ್ನೆದುರಿಸಿ, ಸಂಸತ್ ಸದಸ್ಯ ಬ್ಯೋಮ್ ಮೊದಲಾದವರ ಹೋರಾಟದಿಂದ ಕಾರ್ಟೆಲ್ ನಿಷೇಧ ಕಾನೂನು ಹಲವು ವಿನಾಯಿತಿಗಳೊಡನೆ 1957ರಲ್ಲಿ ಅಂಗೀಕಾರವಾಯಿತು. ಮಾರುಕಟ್ಟೆ ಅಂಗಡಿಯನ್ನು ತುಂಬಿತು. ಅದನ್ನು ನ್ಯಾಯದ ದಾರಿಗೆ ತಂದದ್ದು ಮುಷ್ಕರ, ಮತದಾನ, ಶಾಸನ.

ಇದರ ದೈವಶಾಸ್ತ್ರೀಯ ಅರ್ಥ ಸರಳವಾದುದು. ಜನ್ಮಪಾಪದ ಬೋಧನೆ ಅರಮನೆಗೆ ಅನ್ವಯಿಸುವಂತೆ ಪೇಟೆಗೂ ಅನ್ವಯಿಸುತ್ತದೆ. ಯಾರ ಕೈಯಲ್ಲೂ ಪ್ರಶ್ನಾತೀತ ಅಧಿಕಾರವನ್ನಿಡಬಾರದೆಂಬ ಎಚ್ಚರ ಪ್ರಜಾಪ್ರಭುತ್ವದ ಬೇರು. ನ್ಯಾಯವಾದ ಮಾರುಕಟ್ಟೆಯ ಬೇರೂ ಅದೇ. 1991ರ ಮೇ 1ರ ‘ಚೆಂತೆಸಿಮುಸ್ ಆನ್ನುಸ್’ ವಿಶ್ವಪತ್ರದಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಆರ್ಥಿಕ ಸ್ವಾತಂತ್ರ್ಯವನ್ನು ಒಪ್ಪಿದರು. ಆದರೆ ಅದು ಮಾನವನ ಸಮಗ್ರ ಸ್ವಾತಂತ್ರ್ಯಕ್ಕೆ ಸೇವೆಗೈಯುವ ಬಲವಾದ ಕಾನೂನಿನ ಚೌಕಟ್ಟಿನೊಳಗಿರಬೇಕೆಂದರು.

ಅದೇ ವರ್ಷದ ಜುಲೈಯಲ್ಲಿ ನಮ್ಮ ದೇಶವೂ ಆರ್ಥಿಕ ಉದಾರೀಕರಣದ ಹಾದಿ ಹಿಡಿಯಿತು. ನಾಳೆ ಧರ್ಮಕೇಂದ್ರಗಳಿಗೆ ಹೋಗುವ ನಮ್ಮ ಗುರುಗಳೆದುರು ಕೂರುವ ಜನರಲ್ಲಿ ಅದರಿಂದ ಬೆಳೆದವರೂ ಇರುತ್ತಾರೆ, ಬಿದ್ದವರೂ ಇರುತ್ತಾರೆ. ಅವರಿಗೆ ಮಾರುಕಟ್ಟೆಯನ್ನು ಹೊಗಳುವ ಅಥವಾ ಶಪಿಸುವ ಪ್ರಬೋಧನೆ ಸಾಲದು. ಇಲ್ಲಿ ಬೆಲೆಯನ್ನು ಯಾರು ಕಟ್ಟುತ್ತಾರೆ, ಅವರನ್ನು ಪ್ರಶ್ನಿಸಬಲ್ಲವರು ಯಾರು, ಆ ಲೆಕ್ಕದಲ್ಲಿ ಯಾರ ಮುಖ ನಮಗೆ ಕಾಣದೆ ಹೋಗಿದೆ ಎಂದು ಅವರೊಡನೆ ಕುಳಿತು ಕೇಳುವುದನ್ನು ನಾವು ಕಲಿಯಬೇಕಾಗಿದೆ.